ಯಮನ ಪ್ರಶ್ನೆಯೂ ಮತ್ತಾಯನ ಪ್ರಶ್ನೆಯೂ: ಹಿಂದೂ ಹಾಗೂ ಬೌದ್ಧ ನರಕಕಲ್ಪನೆಗಳ ಒಂದು ಓದು

ಹೊಸ ಒಡಂಬಡಿಕೆಯ ಮೂಲದಲ್ಲಿ 'ಗೆಹೆನ್ನ' ಎಂಬ ಪದವಿರುವಲ್ಲಿ ಕನ್ನಡ ಸತ್ಯವೇದವು ನಮಗೆ ಕೊಡುವ ಶಬ್ದ 'ನರಕ'. ಗ್ರೀಕ್ ಮೂಲದಲ್ಲಿ ಆ ಪದ ಬರುವುದು 12 ಸಲ ಮಾತ್ರ. 11 ಸಲ ಅದು ಮೊದಲ ಮೂರು ಸುವಾರ್ತೆಗಳಲ್ಲಿ ಕರ್ತನ ಬಾಯಿಂದಲೇ ಬರುತ್ತದೆ, ಒಮ್ಮೆ ಯಾಕೋಬನ ಪತ್ರಿಕೆಯಲ್ಲಿ. ಷೆಯೋಲ್ ಮತ್ತು ಹೇಡೀಸ್ ಎಂಬ ಪದಗಳಿಗೆ ಭಾಷಾಂತರಕಾರರು ಸಾಮಾನ್ಯವಾಗಿ 'ಪಾತಾಳ'ವನ್ನು ಆರಿಸಿಕೊಂಡರು. ಎರಡೂ ಶಬ್ದಗಳು ಪುರಾಣಗಳಿಂದ ಬಂದವು. ಭಾಷಾಂತರಕಾರರನ್ನು ನಾವು ದೂರುವುದಿಲ್ಲ. ಬೇರೆ ಯಾವ ಶಬ್ದ ಅವರ ಕೈಗೆ ಸಿಗುತ್ತಿತ್ತು? ಆದರೆ ಎರವಲು ತಂದ ಪಾತ್ರೆಯಲ್ಲಿ ಮೊದಲೇ ಏನೋ ಇತ್ತೆಂಬುದನ್ನು ಬೋಧಕನು ಮರೆಯಬಾರದು.

ಗೆಹೆನ್ನವು ನಕ್ಷೆಯಲ್ಲಿ ತೋರಿಸಬಹುದಾದ ಸ್ಥಳ: ಯೆರೂಸಲೇಮಿನ ದಕ್ಷಿಣಕ್ಕಿರುವ ಹಿನ್ನೋಮ್ ಕಣಿವೆ. ಆಹಾಜನೂ ಮನಸ್ಸೆಯೂ ತಮ್ಮ ಮಕ್ಕಳನ್ನು ಬೆಂಕಿಗೆ ಆಹುತಿಕೊಟ್ಟದ್ದು ಅಲ್ಲಿ. ಯೋಷೀಯನು ಹೊಲೆಮಾಡಿದ್ದು ಅದನ್ನೇ, ಯೆರೆಮೀಯನು ಸಂಹಾರದ ಕಣಿವೆಯೆಂದು ಮರುಹೆಸರಿಟ್ಟದ್ದೂ ಅದಕ್ಕೇ. (ಅಲ್ಲಿ ಊರಿನ ಕಸ ಸದಾ ಉರಿಯುತ್ತಿತ್ತೆಂಬ ವಿವರಣೆ ನಮ್ಮ ಪ್ರಸಂಗಪೀಠಗಳಲ್ಲಿ ಬಹಳ ಪ್ರಿಯವಾದದ್ದು. ಅದಕ್ಕೆ ಸಿಗುವ ಆಧಾರ ಸುಮಾರು 1200ರ ಕಾಲದ ಯೆಹೂದಿ ವ್ಯಾಖ್ಯಾನಕಾರ ಡೇವಿಡ್ ಕಿಮ್ಹಿಯದು. ಮೊದಲ ಶತಮಾನದ ಸಾಕ್ಷ್ಯವಿಲ್ಲ.) ಗೆಹೆನ್ನ ಎಂದಾಗ ಯೆಹೂದಿ ಕೇಳುಗನಿಗೆ ನೆನಪಾಗುತ್ತಿದ್ದದ್ದು ತನ್ನ ಜನಾಂಗವೇ ತನ್ನ ಮಕ್ಕಳಿಗೆ ಮಾಡಿದ ಪಾಪ. 'ನರಕ' ಎಂದಾಗ ಕನ್ನಡ ಕೇಳುಗನ ಕಣ್ಣಿಗೆ ಕಟ್ಟುವುದು ಯಮನ ಕೋಣ, ಚಿತ್ರಗುಪ್ತನ ಲೆಕ್ಕ, ಕುದಿಯುವ ಎಣ್ಣೆಯ ಕೊಪ್ಪರಿಗೆ. ಆದುದರಿಂದ ಹಿಂದೂ ಹಾಗೂ ಬೌದ್ಧ ನರಕಗಳ ಅಧ್ಯಯನವು ನಮಗೆ ಅನ್ಯಧರ್ಮದ ಕುತೂಹಲವಷ್ಟೇ ಅಲ್ಲ. ನಮ್ಮ ಸತ್ಯವೇದದ ಒಂದು ಶಬ್ದಾರ್ಥವೇ ಅದರಲ್ಲಿ ಸೇರಿಕೊಂಡಿದೆ.

ಆದರೂ ನಮ್ಮ ತರಗತಿಗಳ ಟಿಪ್ಪಣಿಗಳಲ್ಲಿ ಈ ವಿಷಯ ಒಂದೇ ವಾಕ್ಯದಲ್ಲಿ ಮುಗಿಯುವುದುಂಟು: ಅವರ ನರಕ ತಾತ್ಕಾಲಿಕ, ನಮ್ಮದು ನಿತ್ಯ, ಅಲ್ಲಿ ನಡೆಯುವುದು ಕರ್ಮದ ಯಂತ್ರ, ಇಲ್ಲಿ ತೀರ್ಪು ಕೊಡುವವನು ಜೀವಸ್ವರೂಪನಾದ ದೇವರು. ಈ ವಾಕ್ಯ ಪೂರ್ಣ ಸುಳ್ಳಲ್ಲ. ಆದರೆ ಅದು ಓದನ್ನು ಆರಂಭಿಸುವ ಬದಲು ನಿಲ್ಲಿಸಿಬಿಡುತ್ತದೆ. ಮೂಲಗ್ರಂಥಗಳನ್ನು ತೆರೆದು ನೋಡಿದರೆ ಆ ವಾಕ್ಯದ ಪ್ರತಿಯೊಂದು ಪದವೂ ಅಲುಗಾಡುವುದನ್ನು ಕಾಣುತ್ತೇವೆ.

ವೇದಕಾಲದ ಮಟ್ಟಿಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಋಗ್ವೇದದ ಯಮನು ಸತ್ತವರಲ್ಲಿ ಮೊದಲಿಗನು, ಪಿತೃಗಳ ಅರಸನು, ದಂಡಾಧಿಕಾರಿಯಲ್ಲ. ದುಷ್ಟರನ್ನು ಆಳವಾದ ಕತ್ತಲೆಗೆ ತಳ್ಳಬೇಕೆಂಬ ಪ್ರಾರ್ಥನೆ ಏಳನೆಯ ಮಂಡಲದಲ್ಲಿದೆಯಾದರೂ ಅಲ್ಲಿ ಯಾತನೆಯ ವರ್ಣನೆಯಿಲ್ಲ. ಶತಪಥ ಬ್ರಾಹ್ಮಣದಲ್ಲಿ ವರುಣನ ಮಗ ಭೃಗುವು ದಿಕ್ಕುದಿಕ್ಕಿಗೆ ಹೋಗಿ, ಮನುಷ್ಯರು ಮನುಷ್ಯರನ್ನು ಕಡಿದು ಹಂಚಿಕೊಳ್ಳುವುದನ್ನು ಕಂಡು ಬೆಚ್ಚಿ ಹಿಂದಿರುಗುತ್ತಾನೆ. ಈ ಲೋಕದಲ್ಲಿ ತಾವು ಮಾಡಿದ್ದನ್ನೇ ಆ ಲೋಕದಲ್ಲಿ ಅವರು ಉಣ್ಣುತ್ತಾರೆಂಬ ತತ್ತ್ವದ ಮೊಳಕೆ ಅಲ್ಲಿದೆ. ಪರಿಹಾರವಾಗಿ ಹೇಳಿರುವುದು ಅಗ್ನಿಹೋತ್ರ.

ಪಟ್ಟಿಗಳು ಆಮೇಲಿನವು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ 21 ನರಕಗಳನ್ನು ಹೆಸರಿಸುತ್ತದೆ, ಭಾಗವತದ ಐದನೆಯ ಸ್ಕಂಧದ ಕೊನೆಯ ಅಧ್ಯಾಯ 28ನ್ನು. ತಾಮಿಸ್ರ, ರೌರವ, ಕುಂಭೀಪಾಕ, ಕಾಲಸೂತ್ರ, ಅಸಿಪತ್ರವನ, ವೈತರಣಿ ಎಂಬ ಹೆಸರುಗಳು ಹರಿಕಥೆಯ ಮೂಲಕವೂ, ಸಾವಿನ ಮನೆಯಲ್ಲಿ ಗರುಡಪುರಾಣ ಓದಿಸುವ ರೂಢಿಯ ಮೂಲಕವೂ ನಮ್ಮ ನಾಡಿನಲ್ಲಿ ಪರಿಚಿತವಾದವು. ಈ ಪಟ್ಟಿಗಳನ್ನು ಓದುವಾಗ ಕ್ರೈಸ್ತ ಓದುಗನು ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಇವುಗಳಲ್ಲಿ ಸಮಾಜದ ಶ್ರೇಣಿ ಬಹು ಸ್ಪಷ್ಟವಾಗಿ ಅಚ್ಚೊತ್ತಿದೆ. ಬ್ರಾಹ್ಮಣನ ಚಿನ್ನವನ್ನು ಕದ್ದವನಿಗೆ ಒಂದು ನರಕವೇ ಮೀಸಲು. ತನ್ನ ವೇದಮಾರ್ಗವನ್ನು ಬಿಟ್ಟು ಪಾಷಂಡಮತವನ್ನು ಹಿಡಿದವನು ಅಸಿಪತ್ರವನಕ್ಕೆ ಹೋಗುತ್ತಾನೆ. ಈ ಲೆಕ್ಕದಂತೆ ನಮ್ಮ ಸಭೆಗಳ ಬಹುಪಾಲು ಪೂರ್ವಿಕರಿಗೂ ಬೌದ್ಧರಿಗೂ ಅಲ್ಲಿ ಜೊತೆಯ ವಾಸ! ಇನ್ನೊಂದು, ಅದೇ ಪಟ್ಟಿ ಶ್ರೇಣಿಯನ್ನು ಮೀರುವುದೂ ಉಂಟು. ನಿರಪರಾಧಿಯನ್ನು ದಂಡಿಸಿದ ಅರಸನೂ ಅವನ ಅಧಿಕಾರಿಯೂ ಸೂಕರಮುಖದಲ್ಲಿ ಕಬ್ಬಿನಂತೆ ಅರೆಯಲ್ಪಡುತ್ತಾರೆ. ಪ್ರಾಣಿಪಕ್ಷಿಗಳನ್ನು ಜೀವಸಹಿತ ಬೇಯಿಸಿದವನು ಕುಂಭೀಪಾಕದಲ್ಲಿ ತಾನೇ ಬೇಯುತ್ತಾನೆ. ಮನೆಗೆ ಬಂದ ಅತಿಥಿಯನ್ನು ಸಿಟ್ಟಿನ ಕಣ್ಣಿನಿಂದ ನೋಡಿದ ಗೃಹಸ್ಥನ ಆ ಕಣ್ಣುಗಳನ್ನೇ ಹದ್ದುಗಳು ಕೀಳುತ್ತವೆ. ಮನುವಿನ ಪಟ್ಟಿಯೂ ಬಂದಿರುವುದು, ಶಾಸ್ತ್ರವನ್ನು ಮೀರುವ ಲೋಭಿ ಅರಸನಿಂದ ದಾನ ಸ್ವೀಕರಿಸಬಾರದೆಂದು ಬ್ರಾಹ್ಮಣನನ್ನೇ ಎಚ್ಚರಿಸುವ ಸಂದರ್ಭದಲ್ಲಿ.

ಇಂಥ ವರ್ಣನೆಗಳನ್ನು ಓದಿ 'ಅಸಂಸ್ಕೃತ' ಎಂದು ಮೂಗುಮುರಿಯುವವರಿಗೆ ಎರಡನೆಯ ಶತಮಾನದ 'ಪೇತ್ರನ ಪ್ರಕಟನೆ'ಯನ್ನು ಓದಲು ಹೇಳುತ್ತೇವೆ. ಅಲ್ಲಿ ನೀತಿಮಾರ್ಗವನ್ನು ದೂಷಿಸಿದವರು ನಾಲಿಗೆಯಿಂದ ನೇತಾಡುತ್ತಾರೆ, ಬಡ್ಡಿಗೆ ಸಾಲಕೊಟ್ಟವರು ಕೀವು ರಕ್ತಗಳ ಮಡುವಿನಲ್ಲಿ ನಿಲ್ಲುತ್ತಾರೆ. ಈ ಗ್ರಂಥವನ್ನು ಕೆಲವು ಸಭೆಗಳು ಶಾಸ್ತ್ರವೆಂದೇ ಓದುತ್ತಿದ್ದವು. ಮುರಟೋರಿ ಪಟ್ಟಿಯಲ್ಲಿ ಅದರ ಹೆಸರಿದೆ. ದಾಂತೆಯ ಕಾವ್ಯ ಆ ವಂಶದ ಬಹುದೊಡ್ಡ ಕುಡಿ. ಪಾಪಕ್ಕೆ ತಕ್ಕ ಶಿಕ್ಷೆಯನ್ನು ಅಂಗಾಂಗಕ್ಕೆ ಹೊಂದಿಸಿ ಪಟ್ಟಿಮಾಡುವ ಚಪಲ ಯಾವ ಒಂದು ಧರ್ಮದ ಸೊತ್ತೂ ಅಲ್ಲ. ಸುವಾರ್ತೆಗಳಲ್ಲಿ ಅಂಥ ಪಟ್ಟಿಯಿಲ್ಲವೆಂಬುದು ನಿಜವಾಗಿ ಗಮನಾರ್ಹ ಸಂಗತಿ, ಆದರೆ ಅದು ನಮ್ಮ ಸಭೆಯ ಹೆಗ್ಗಳಿಕೆಯಲ್ಲ.

ಭಾಗವತದ ನರಕಾಧ್ಯಾಯವನ್ನು ಉದ್ಧರಿಸುವವರು ಮುಂದಿನ ಅಧ್ಯಾಯವನ್ನು ಓದುವುದು ವಿರಳ. ಐದನೆಯ ಸ್ಕಂಧ ನರಕಗಳ ಪಟ್ಟಿಯೊಂದಿಗೆ ಮುಗಿಯುತ್ತದೆ. ಆರನೆಯದು ಪರೀಕ್ಷಿತನ ಪ್ರಶ್ನೆಯಿಂದ ತೊಡಗುತ್ತದೆ: ಮನುಷ್ಯನು ಅಲ್ಲಿಗೆ ಹೋಗದಂತೆ ಮಾಡುವುದು ಹೇಗೆ? ಶುಕನು ಮೊದಲು ಪ್ರಾಯಶ್ಚಿತ್ತವನ್ನು ಸೂಚಿಸುತ್ತಾನೆ. ಅರಸನು ಒಪ್ಪುವುದಿಲ್ಲ. ಮತ್ತೆ ಮತ್ತೆ ಪಾಪಕ್ಕಿಳಿಯುವವನ ಪ್ರಾಯಶ್ಚಿತ್ತ ಆನೆಯ ಸ್ನಾನದಂತೆ, ಮಿಂದು ಬಂದೊಡನೆ ಮೈಮೇಲೆ ಮಣ್ಣೆರಚಿಕೊಳ್ಳುವುದು ತಪ್ಪದು. ಆಮೇಲೆಯೇ ಅಜಾಮಿಳನ ಕಥೆ. ಕೆಟ್ಟುಹೋದ ಆ ಬ್ರಾಹ್ಮಣನು ಸಾಯುವಾಗ ಭಯದಿಂದ ತನ್ನ ಕಿರಿಯ ಮಗನನ್ನು 'ನಾರಾಯಣ' ಎಂದು ಕರೆಯುತ್ತಾನೆ. ಆ ಹೆಸರಿನ ಬಲದಿಂದಲೇ ವಿಷ್ಣುದೂತರು ಬಂದು ಯಮದೂತರನ್ನು ತಡೆಯುತ್ತಾರೆ. ಯಮನೇ ತನ್ನ ದೂತರಿಗೆ ತನ್ನ ಅಧಿಕಾರದ ಮಿತಿಯನ್ನು ವಿವರಿಸುತ್ತಾನೆ. ಅಂದಮೇಲೆ 'ಕರ್ಮದ ಯಂತ್ರ' ಎಂಬ ನಮ್ಮ ಟಿಪ್ಪಣಿಯ ಮಾತು ಎಲ್ಲಿ ಉಳಿಯಿತು? ಕೃಪೆಯ ಪ್ರಶ್ನೆ ನರಕದ ಬಾಗಿಲಲ್ಲೇ ಎದ್ದಿದೆ. ಅದಕ್ಕೆ ಕೊಟ್ಟ ಉತ್ತರವನ್ನು ನಾವು ಒಪ್ಪದಿರಬಹುದು. ಉದ್ದೇಶವಿಲ್ಲದೆ ಉಚ್ಚರಿಸಿದ ನಾಮಕ್ಕೆ ಅಷ್ಟು ಶಕ್ತಿ ಹೇಗೆ ಬಂತೆಂದು ಕೇಳಬಹುದು. ಹಿಂದೂ ವ್ಯಾಖ್ಯಾನಕಾರರೂ ಅದನ್ನು ಚರ್ಚಿಸಿದ್ದಾರೆ. ಆದರೆ ಆ ಪ್ರಶ್ನೆಯೇ ಅಲ್ಲಿಲ್ಲವೆಂದು ಬೋಧಿಸುವುದು ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಿದಂತೆ.

ವಿಷ್ಣುಪುರಾಣವು ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ನರಕಗಳನ್ನು ವರ್ಣಿಸಿದ ಅದೇ ಅಧ್ಯಾಯದ ಕೊನೆಯಲ್ಲಿ, ಮನಸ್ಸಿಗೆ ಪ್ರಿಯವಾದುದು ಸ್ವರ್ಗ, ಅದಕ್ಕೆ ವಿಪರೀತವಾದುದು ನರಕ ಎಂಬ ಅರ್ಥದ ಮಾತಿದೆ. ಕನ್ನಡದಲ್ಲಿ ಬಸವಣ್ಣನವರು ಆಚಾರ ಅನಾಚಾರಗಳನ್ನೇ ಸ್ವರ್ಗ ನರಕಗಳೆಂದದ್ದು ಎಲ್ಲರಿಗೂ ಗೊತ್ತು. ಅದರ ದಾರಿ ಬೇರೆ, ಅಲ್ಲಿ ಮನಸ್ಸಿನ ಸುಖವಲ್ಲ, ನಡತೆಯೇ ಅಳತೆಗೋಲು. ಪುರಾಣದ ಪಟ್ಟಿಯನ್ನು ಅಕ್ಷರಶಃ ಎತ್ತಿಕೊಂಡು ವಾದಕ್ಕಿಳಿಯುವ ಬೋಧಕನು ಆ ಸಂಪ್ರದಾಯದೊಳಗೇ ಅದಕ್ಕೆ ನಡೆದ ವಿಮರ್ಶೆಯನ್ನು ಕಾಣದೆ ಹೋಗುತ್ತಾನೆ.

'ತಾತ್ಕಾಲಿಕ' ಎಂಬ ಮಾತಿಗೂ ಒಂದು ಅಪವಾದವಿದೆ. ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಉಡುಪಿಗೆ ಹೋದರೆ ಸಾಕು. 13ನೆಯ ಶತಮಾನದ ಮಧ್ವಾಚಾರ್ಯರ ಮತದಲ್ಲಿ ಜೀವರು ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ಬಗೆ. ತಮೋಯೋಗ್ಯರು ಕೊನೆಗೆ ಸೇರುವ ಅಂಧಂತಮಸ್ಸಿನಿಂದ ಹಿಂದಿರುಗುವುದಿಲ್ಲ. ಇದನ್ನು ಕಂಡ ಕೆಲವು ಪಾಶ್ಚಾತ್ಯ ವಿದ್ವಾಂಸರು ಕರಾವಳಿಯ ಕ್ರೈಸ್ತರ ಪ್ರಭಾವವಿರಬೇಕೆಂದು ಊಹಿಸಿದರು. ಆ ಊಹೆಗೆ ಆಧಾರವಿಲ್ಲ, ಅಗತ್ಯವೂ ಇಲ್ಲ. ನಿತ್ಯನರಕದ ಕಲ್ಪನೆ ಕ್ರೈಸ್ತರಿಗಷ್ಟೇ ಹೊಳೆಯಬಲ್ಲದೆಂಬ ಭಾವನೆಯೇ ಒಂದು ವಿಚಿತ್ರ ಹೆಮ್ಮೆ. ಕ್ಯಾಲ್ವಿನನ ಪೂರ್ವನೇಮಕದೊಡನೆ ಮಧ್ವರನ್ನು ಹೋಲಿಸುವ ವಿದ್ಯಾರ್ಥಿಗಳು ಒಂದು ಭೇದವನ್ನು ಗಮನಿಸಲಿ. ಕ್ಯಾಲ್ವಿನನಲ್ಲಿ ಎಲ್ಲವೂ ದೇವರ ನಿರ್ಣಯಕ್ಕೆ ಹೋಗಿ ನಿಲ್ಲುತ್ತದೆ. ಮಧ್ವರಲ್ಲಿ ಜೀವನ ಅನಾದಿಯಾದ ಸ್ವರೂಪಕ್ಕೆ. ದೇವರನ್ನು ಕ್ರೌರ್ಯದ ಆರೋಪದಿಂದ ಬಿಡಿಸುವ ಕೆಲಸವನ್ನು ಎರಡನೆಯದು ತುಸು ಚೆನ್ನಾಗಿ ಮಾಡುತ್ತದೆ, ಆದರೆ ಆ ಜೀವನ ಮಟ್ಟಿಗೆ ಸುವಾರ್ತೆಯೆಂಬುದೇ ಇರಲಾರದೆಂಬ ಬೆಲೆ ತೆತ್ತು.

ಬೌದ್ಧಗ್ರಂಥಗಳಿಗೆ ಬಂದರೆ ಅಲ್ಲಿಯೂ ಪಟ್ಟಿಗಳಿವೆ. ವಸುಬಂಧುವಿನ ಅಭಿಧರ್ಮಕೋಶವು ಸಂಜೀವದಿಂದ ಅವೀಚಿಯವರೆಗೆ ಎಂಟು ಉಷ್ಣನರಕಗಳನ್ನೂ ಅರ್ಬುದದಿಂದ ಮಹಾಪದ್ಮದವರೆಗೆ ಎಂಟು ಶೀತನರಕಗಳನ್ನೂ ಎಣಿಸುತ್ತದೆ. ಆ ಎಣಿಕೆಯಲ್ಲಿ ನಾವು ಕಾಲ ಕಳೆಯುವುದಿಲ್ಲ. ನಮ್ಮನ್ನು ತಡೆದು ನಿಲ್ಲಿಸುವುದು ಪಾಲಿಯ ಮಜ್ಝಿಮನಿಕಾಯದ 130ನೆಯ ಸುತ್ತ. ಅದರ ಹೆಸರೇ 'ದೇವದೂತ'. ಕನ್ನಡ ಕ್ರೈಸ್ತನ ಕಿವಿಗೆ ಈ ಶಬ್ದ ಗಬ್ರಿಯೇಲನನ್ನು ನೆನಪಿಸುತ್ತದೆ. ಸುತ್ತದ ದೇವದೂತರು ಬೇರೆ. ಸತ್ತವನನ್ನು ನಿರಯಪಾಲರು ಯಮನ ಮುಂದೆ ತಂದು ನಿಲ್ಲಿಸುತ್ತಾರೆ. ದೇವದೂತನನ್ನು ನೀನು ಕಾಣಲಿಲ್ಲವೇ ಎಂದು ಯಮನು ಕೇಳುತ್ತಾನೆ. ಕಾಣಲಿಲ್ಲ ಎನ್ನುತ್ತಾನೆ ಅವನು. ತನ್ನ ಮಲಮೂತ್ರದಲ್ಲಿ ಮಲಗಿದ ಎಳೆಗೂಸನ್ನು ಕಾಣಲಿಲ್ಲವೇ? ಕೋಲೂರಿ ನಡುಗುತ್ತಾ ನಡೆವ ಮುದುಕನನ್ನು? ರೋಗಿಯನ್ನು? ಅರಸನ ಆಳುಗಳು ಹಿಂಸಿಸುತ್ತಿದ್ದ ಅಪರಾಧಿಯನ್ನು? ಊದಿಕೊಂಡ ಹೆಣವನ್ನು? ಕಂಡೆ, ಸ್ವಾಮಿ. ಹಾಗಾದರೆ ನನಗೂ ಇದು ತಪ್ಪಿದ್ದಲ್ಲ, ಒಳಿತನ್ನು ಮಾಡುವೆನೆಂದು ನಿನಗೆ ತೋರಲಿಲ್ಲವೇ? ಆಗಲಿಲ್ಲ, ಸ್ವಾಮಿ, ಮೈಮರೆತಿದ್ದೆ. ಈ ಕರ್ಮವನ್ನು ಮಾಡಿದವರು ನಿನ್ನ ತಾಯಿಯಲ್ಲ, ತಂದೆಯಲ್ಲ, ನೀನೇ ಎಂದು ಹೇಳಿ ಯಮನು ಸುಮ್ಮನಾಗುತ್ತಾನೆ.

ಆ ಮೌನದ ಬಗ್ಗೆ ವಿಮರ್ಶಕರು ಹೆಚ್ಚು ಬರೆಯಬೇಕಿತ್ತು. ಯಮನು ತೀರ್ಪನ್ನು ಉಚ್ಚರಿಸುವುದಿಲ್ಲ. ಒಂದೊಂದೇ ದೂತನನ್ನು ನೆನಪಿಸಿ ಆ ಮನುಷ್ಯನಿಗೆ ಒಂದು ಬಾಗಿಲನ್ನು ಹುಡುಕಿಕೊಡುವಂತೆ ಕೇಳುತ್ತಾನೆ. ಬಾಗಿಲು ಸಿಗದಾಗ ಅವನ ಮಾತು ನಿಲ್ಲುತ್ತದೆ. ಸುತ್ತದ ಕೊನೆಯಲ್ಲಿ ಅದೇ ಯಮನು ತನಗೆ ಮನುಷ್ಯಜನ್ಮ ದೊರೆಯಲಿ, ಲೋಕದಲ್ಲಿ ತಥಾಗತನು ಹುಟ್ಟಲಿ, ತಾನು ಅವನ ಧರ್ಮವನ್ನು ಕೇಳುವಂತಾಗಲಿ ಎಂದು ಹಂಬಲಿಸುತ್ತಾನೆ. ನರಕದ ಅರಸನೇ ಬಿಡುಗಡೆಗೆ ಕಾದಿದ್ದಾನೆ! ಇಷ್ಟು ಕರುಣೆಯಿಂದ ಚಿತ್ರಿತನಾದ ನರಕಾಧಿಪತಿ ನಮ್ಮ ಸಾಹಿತ್ಯದಲ್ಲಿಲ್ಲ.

ಈ ಸುತ್ತವನ್ನು ಓದಿದ ಕ್ರೈಸ್ತನಿಗೆ ಮತ್ತಾಯನ 25ನೆಯ ಅಧ್ಯಾಯ ನೆನಪಾಗದಿರಲು ಸಾಧ್ಯವಿಲ್ಲ. ಅಲ್ಲಿಯೂ ವಿಚಾರಣೆ ನಡೆಯುವುದು ಕಾಣುವುದರ ಬಗ್ಗೆಯೇ. ಹಸಿದವನು, ಪರದೇಶಿ, ರೋಗಿ, ಸೆರೆಯಾಳು: ರೋಗಿಯೂ ದಂಡನೆಗೊಳಗಾದವನೂ ಎರಡು ಪಟ್ಟಿಗಳಲ್ಲಿಯೂ ಇದ್ದಾರೆ. ಎಡಗಡೆಯವರೂ ಬಲಗಡೆಯವರೂ ಕೇಳುವುದು ಒಂದೇ ಪ್ರಶ್ನೆ, ನಿನ್ನನ್ನು ಯಾವಾಗ ಕಂಡೆವು ಎಂದು. ಆದರೆ ಹೋಲಿಕೆ ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಸುತ್ತದಲ್ಲಿ ರೋಗಿಯು ನನಗೆ ಬಂದ ಸಂದೇಶ. ಅವನಲ್ಲಿ ನಾನು ಓದಬೇಕಾದದ್ದು ನನ್ನ ನಶ್ವರತೆಯನ್ನು. ಸುವಾರ್ತೆಯಲ್ಲಿ ರೋಗಿಯು ಯಾರ ಸಂದೇಶವೂ ಅಲ್ಲ. ಅರಸನೇ ಆ ಹಾಸಿಗೆಯಲ್ಲಿ ಮಲಗಿದ್ದಾನೆ. ನಾವು ಬಡವರಿಗೆ ಸಹಾಯಮಾಡಿದರೆ ನಮಗೆ ಪರಲೋಕದಲ್ಲಿ ಪ್ರತಿಫಲವೆಂದು ಬೋಧಿಸುವಾಗಲೆಲ್ಲ ಮತ್ತಾಯನನ್ನು ಬಿಟ್ಟುಬಿಡುತ್ತೇವೆ, ದೇವದೂತಸುತ್ತದ ಎತ್ತರಕ್ಕೂ ಏರುವುದಿಲ್ಲ.

ಈ ಭೇದವನ್ನು ಹೇಳಿ 'ಬೌದ್ಧರಿಗೆ ಪರರ ನೋವು ತಮ್ಮ ಧ್ಯಾನಕ್ಕೊಂದು ವಸ್ತು ಮಾತ್ರ' ಎಂದು ಮುಗಿಸುವುದು ಸುಲಭ. ವಿನಯಪಿಟಕದ ಮಹಾವಗ್ಗ ಅದಕ್ಕೆ ಅವಕಾಶ ಕೊಡುವುದಿಲ್ಲ. ಅತಿಸಾರದಿಂದ ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಷುವೊಬ್ಬನನ್ನು ಬುದ್ಧನು ಆನಂದನೊಡನೆ ತಾನೇ ತೊಳೆದು ಮಂಚಕ್ಕೆ ಎತ್ತಿ ಮಲಗಿಸಿ, ನನ್ನ ಸೇವೆ ಮಾಡಬಯಸುವವನು ರೋಗಿಯ ಸೇವೆ ಮಾಡಲಿ ಎಂಬರ್ಥದ ಮಾತನ್ನು ಸಂಘಕ್ಕೆ ಹೇಳಿದನೆಂದು ಅಲ್ಲಿದೆ. ಮತ್ತಾಯನಿಗೆ ಇಷ್ಟು ಸಮೀಪವಾದ ಮಾತು ಬೇರೆಲ್ಲಿಯೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಆದರೆ ಆ ಮಾತಿನ ಬೆನ್ನಿಗೆ ಅಲ್ಲಿ ನರಕವಿಲ್ಲ; ಮತ್ತಾಯನಲ್ಲಿ ಇದೆ. ಕರುಣೆಯ ಅತ್ಯುಚ್ಚ ಮಾತಿನೊಡನೆ ನಿತ್ಯದಂಡನೆಯ ಮಾತು ಒಂದೇ ಉಸಿರಿನಲ್ಲಿ ಏಕೆ ಬಂತೆಂಬುದನ್ನು ನಾವು ವಿವರಿಸಬೇಕಾಗಿದೆ. ಬೌದ್ಧನು ಅದನ್ನು ವಿವರಿಸಬೇಕಾಗಿಲ್ಲ.

ನರಕಪಾಲರ ಬಗ್ಗೆ ಬೌದ್ಧರು ನಡೆಸಿದ ಚರ್ಚೆಯೂ ಉಪಯುಕ್ತ. ಅವರು ನಿಜವಾದ ಜೀವಿಗಳೇ ಅಲ್ಲವೇ ಎಂಬ ವಾದ ಕಥಾವತ್ಥುವಿನಲ್ಲಿಯೇ ಇದೆ; ಥೇರವಾದಿಗಳು ಹೌದೆಂದರು. ವಸುಬಂಧುವು ವಿಂಶತಿಕೆಯಲ್ಲಿ ಅಲ್ಲವೆಂದನು. ಆ ಬೆಂಕಿಯಲ್ಲಿ ನಿಂತೂ ಅವರು ಬೇಯುವುದಿಲ್ಲವಾದರೆ ಅವರು ನರಕದ ಜೀವಿಗಳಾಗಿರಲಾರರು. ಬೇಯುವುದಾದರೆ ಇತರರನ್ನು ಹಿಂಸಿಸುವುದು ಹೇಗೆ? ಆದುದರಿಂದ ಅವರು ಪಾಪಿಗಳ ಕರ್ಮವೇ ತಳೆದ ಆಕಾರ. ಇನ್ನು ಮಿಲಿಂದನು ನಾಗಸೇನನನ್ನು, ಅಷ್ಟು ಘೋರವಾದ ಬೆಂಕಿಯಲ್ಲಿ ಜೀವಿಗಳು ಕರಗಿಹೋಗುವುದಿಲ್ಲವೇಕೆಂದು ಕೇಳುತ್ತಾನೆ. ಕಲ್ಲುಗಳನ್ನು ಜೀರ್ಣಿಸಿಕೊಳ್ಳುವ ಹೆಣ್ಣುಮೊಸಳೆಯ ಹೊಟ್ಟೆಯಲ್ಲಿ ಅದರ ಗರ್ಭ ಕರಗುವುದಿಲ್ಲವಲ್ಲ ಎಂಬ ಉತ್ತರ ಸಿಗುತ್ತದೆ. ಆಗಸ್ಟೀನನು 'ದೇವರ ನಗರ'ದ 21ನೆಯ ಪುಸ್ತಕದಲ್ಲಿ ಇದೇ ಪ್ರಶ್ನೆಗೆ ಬೆಂಕಿಯಲ್ಲಿ ಬದುಕುವ ಸಲಮಾಂಡರನ್ನೂ ಕೊಳೆಯದ ನವಿಲಿನ ಮಾಂಸವನ್ನೂ ಸಾಕ್ಷಿಗೆ ಕರೆಯುತ್ತಾನೆ. ಮೊಸಳೆಯಾಗಲಿ ನವಿಲಾಗಲಿ ಇಂದು ಯಾರನ್ನೂ ಒಪ್ಪಿಸಲಾರವು. ವಸುಬಂಧುವಿನ ವಾದ ಮಾತ್ರ ಇಂದಿಗೂ ಜೀವಂತವಾಗಿದೆ.

ನರಕದ ವರ್ಣನೆ ಓದುಗನನ್ನು ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಅಶೋಕಾವದಾನವು ಎತ್ತಿದಂತೆ ಬೇರಾವ ಗ್ರಂಥವೂ ಎತ್ತಿಲ್ಲ. ಗಿರಿಕನೆಂಬ ಕೊಲೆಗಡುಕನು ಭಿಕ್ಷುವೊಬ್ಬನು ನರಕವರ್ಣನೆಯ ಸೂತ್ರವನ್ನು ಪಠಿಸುವುದನ್ನು ಕೇಳಿಸಿಕೊಂಡು, ಅದೇ ಮಾದರಿಯಲ್ಲಿ ಅಶೋಕನ ಸೆರೆಮನೆಯಲ್ಲಿ ಹಿಂಸೆಗಳನ್ನು ಏರ್ಪಡಿಸುತ್ತಾನೆ. ಪಾಪದಿಂದ ಬಿಡಿಸಲು ಹೇಳಿದ ಮಾತು ಹಿಂಸೆಯ ಕೈಪಿಡಿಯಾಯಿತು. ಇದು ಚರಿತ್ರೆಯಲ್ಲ, ದಂತಕಥೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನದಲ್ಲಿ ಸಾಮಾನ್ಯನಿಗೂ ವಿಪುಲವಾದ ಸ್ವರ್ಗ ದೊರೆಯಬಲ್ಲದೆಂಬ ಮಾತಿದೆ, ನರಕದ ಬೆದರಿಕೆಯಿಲ್ಲ. ಆದರೆ ದಂತಕಥೆಯ ತಿಳಿವಳಿಕೆ ನಿಜವಾದದ್ದು. ನಿತ್ಯಾಗ್ನಿಯಿಂದ ಉಳಿಸುವ ನೆಪದಲ್ಲಿ ಮನುಷ್ಯರನ್ನು ಕಂಬಕ್ಕೆ ಕಟ್ಟಿ ಸುಟ್ಟ ಸಭೆಯ ಚರಿತ್ರೆ ಬಲ್ಲ ನಮಗೆ ಗಿರಿಕನು ಅಪರಿಚಿತನಲ್ಲ.

ಇನ್ನು ಕಾಲದ ಪ್ರಶ್ನೆ. ಸಾರಿಪುತ್ತ ಮೊಗ್ಗಲ್ಲಾನರನ್ನು ದೂಷಿಸಿದ ಕೋಕಾಲಿಕನು ಪದುಮನರಕದಲ್ಲಿ ಎಷ್ಟು ಕಾಲ ಇರಬೇಕೆಂದು ಕೇಳಿದಾಗ ಬುದ್ಧನು ಒಂದು ಉಪಮೆ ಕೊಡುತ್ತಾನೆ. ಒಂದು ಗಾಡಿಯ ತುಂಬ ಎಳ್ಳು. ನೂರು ವರ್ಷಕ್ಕೊಂದು ಕಾಳನ್ನು ತೆಗೆದರೆ ಗಾಡಿ ಬರಿದಾದರೂ ಅತ್ಯಂತ ಚಿಕ್ಕ ನರಕಾವಧಿಯೂ ಮುಗಿದಿರುವುದಿಲ್ಲ. ಪದುಮವು ಅದನ್ನು ಇಪ್ಪತ್ತರಿಂದ ಮತ್ತೆ ಮತ್ತೆ ಗುಣಿಸಿದ ಕಾಲ. ಅಲ್ಲಿಂದ ಮೇಲೆದ್ದು ಮನುಷ್ಯಜನ್ಮ ಪಡೆಯುವುದು, ನೂರು ವರ್ಷಕ್ಕೊಮ್ಮೆ ತಲೆಯೆತ್ತುವ ಕುರುಡು ಆಮೆ ಕಡಲಲ್ಲಿ ತೇಲುವ ನೊಗದ ತೂತಿಗೆ ತಲೆ ಹಾಕುವಷ್ಟು ಕಷ್ಟ. ಇಂಥ ಅವಧಿಯನ್ನು 'ತಾತ್ಕಾಲಿಕ' ಎಂದು ಕರೆದು ನಮ್ಮ ನಿತ್ಯತೆಯನ್ನು ಗಂಭೀರವೆಂದು ತೋರಿಸುವುದು ಅಸಂಗತ. ಅನುಭವಿಸುವವನಿಗೆ ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ದೇವರ ಕುರಿತಾದ ನಮ್ಮ ಮಾತಿನಲ್ಲಿ. ಅಂತ್ಯವಿದೆ ಎಂದಾಗ, ಕೆಡುಕಿಗೆ ಕೊನೆಯ ಮಾತಿಲ್ಲವೆಂದು ಹೇಳಿದಂತಾಗುತ್ತದೆ. ದೇವದತ್ತನು ಅವೀಚಿಗೆ ಬಿದ್ದನು, ನಿಜ. ಸದ್ಧರ್ಮಪುಂಡರೀಕಸೂತ್ರದಲ್ಲಿ ಅದೇ ದೇವದತ್ತನು ಮುಂದೆ ಬುದ್ಧನಾಗುವನೆಂಬ ವಾಗ್ದಾನವಿದೆ. ನಮ್ಮ ಇಸ್ಕರಿಯೋತ ಯೂದನ ಬಗ್ಗೆ ಅಂಥ ನಿರೀಕ್ಷೆಯನ್ನು ಒರಿಗೆನನಂಥವರು ತೆರೆದಿಟ್ಟಾಗ ಸಭೆ ಬಾಗಿಲು ಮುಚ್ಚಿತು. ನಿಸ್ಸದ ಗ್ರೆಗೋರಿಯು ಹೆಚ್ಚುಕಡಿಮೆ ಅದನ್ನೇ ಹೇಳಿಯೂ ಸಂತನಾಗಿ ಉಳಿದನು.

ಈ ಮಾತುಗಳೆಲ್ಲ ನಮ್ಮ ಸಭೆಗಳಲ್ಲಿ ಬಂದು ಮುಟ್ಟುವುದು ಒಂದು ಪ್ರಶ್ನೆಯನ್ನು. ಹೊಸದಾಗಿ ದೀಕ್ಷಾಸ್ನಾನ ಹೊಂದಿದ ಕುಟುಂಬದವರು, ಕ್ರಿಸ್ತನ ಹೆಸರನ್ನೇ ಕೇಳದೆ ಸತ್ತ ತಮ್ಮ ಅಜ್ಜ ಅಜ್ಜಿಯರು ಎಲ್ಲಿದ್ದಾರೆಂದು ಸಭಾಪಾಲಕರನ್ನು ಕೇಳುತ್ತಾರೆ. ತಟ್ಟನೆ 'ನರಕದಲ್ಲಿ' ಎಂದು ಹೇಳುವ ಯುವಬೋಧಕನು ತನ್ನ ಶಬ್ದ ಕೇಳುಗರ ಮನಸ್ಸಿನಲ್ಲಿ ಯಾವ ಚಿತ್ರವನ್ನು ಬರೆಯುತ್ತದೆಂದು ತಿಳಿದಿರುವುದಿಲ್ಲ. ತಮ್ಮನ್ನು ಸಾಕಿ ಬೆಳೆಸಿದವರು ಕುಂಭೀಪಾಕದಲ್ಲಿರುವಾಗ ತಾವು ಹಾಲೆಲೂಯ ಹಾಡಬೇಕೇ ಎಂಬುದು ಅವರ ಸಂಕಟ. ಈ ಸಂಕಟವನ್ನು ಅವರ ಪುರಾಣಗಳು ಚೆನ್ನಾಗಿ ಬಲ್ಲವು. ಮಹಾಭಾರತದ ಸ್ವರ್ಗಾರೋಹಣಪರ್ವದಲ್ಲಿ ಯುಧಿಷ್ಠಿರನು ದುರ್ಯೋಧನನನ್ನು ಸ್ವರ್ಗದಲ್ಲಿಯೂ ತನ್ನ ತಮ್ಮಂದಿರನ್ನೂ ದ್ರೌಪದಿಯನ್ನೂ ನರಕದಲ್ಲಿಯೂ ಕಂಡು, ತಾನೂ ಇಲ್ಲಿಯೇ ಇರುವೆನೆಂದು ದೇವತೆಗಳ ದೂತನನ್ನು ಹಿಂದಕ್ಕೆ ಕಳುಹಿಸುತ್ತಾನೆ. ಮಾರ್ಕಂಡೇಯಪುರಾಣದ ವಿಪಶ್ಚಿತ್ ಮಹಾರಾಜನು ಸಣ್ಣದೊಂದು ದೋಷಕ್ಕಾಗಿ ನರಕವನ್ನು ಹೊಕ್ಕು ಹೊರಡುವಾಗ, ಅವನ ಮೈಯಿಂದ ಬೀಸಿದ ಗಾಳಿ ಅಲ್ಲಿಯವರಿಗೆ ತಂಪಾಗಿರುವುದನ್ನು ತಿಳಿದು ಹೊರಡಲು ಒಪ್ಪುವುದಿಲ್ಲ. ತನ್ನ ಪುಣ್ಯವನ್ನೆಲ್ಲ ಅವರಿಗೆ ಧಾರೆಯೆರೆಯುತ್ತಾನೆ. ಶಾಂತಿದೇವನ ಬೋಧಿಚರ್ಯಾವತಾರದಲ್ಲಿ ಬೋಧಿಸತ್ತ್ವರು ಹಂಸಗಳು ತಾವರೆಗೊಳಕ್ಕೆ ಇಳಿಯುವಂತೆ ಅವೀಚಿಗೆ ಇಳಿಯುತ್ತಾರೆ.

ನಾವು ಪ್ರತಿ ಭಾನುವಾರ ವಿಶ್ವಾಸಪ್ರಮಾಣದಲ್ಲಿ, ಶಿಲುಬೆಗೂ ಪುನರುತ್ಥಾನಕ್ಕೂ ನಡುವೆ, ಕ್ರಿಸ್ತನು ಸತ್ತವರ ಲೋಕಕ್ಕೆ ಇಳಿದನೆಂದು ಹೇಳುತ್ತೇವೆ. ಹೇಳಿ ಮುಂದಕ್ಕೆ ಹೋಗಿಬಿಡುತ್ತೇವೆ. ವಿಪಶ್ಚಿತನ ಬಳಿ ಹಂಚಲು ಕೂಡಿಟ್ಟ ಪುಣ್ಯವಿತ್ತು, ಇಳಿಯುವಾಗ ಹಂಸಕ್ಕೆ ಸುಖವಿತ್ತು. ಕರ್ತನು ಇಳಿದದ್ದು ಶಾಪಗ್ರಸ್ತನಾಗಿ, ಕೈಬಿಡಲ್ಪಟ್ಟವನಾಗಿ, ಹೆಣವಾಗಿ. ಕೊಡಲು ಅವನ ಕೈಯಲ್ಲಿ ತಾನಲ್ಲದೆ ಬೇರೇನೂ ಇರಲಿಲ್ಲ. ಈ ಭೇದವನ್ನು ಹೇಳುವ ಅಧಿಕಾರ ನಮಗೆ ಬರುವುದು ಆ ಎರಡು ಕಥೆಗಳನ್ನು ಮನಸಾರೆ ಮೆಚ್ಚಿದ ಮೇಲೆಯೇ. ಸೆರೆಯಲ್ಲಿದ್ದ ಆತ್ಮಗಳಿಗೆ ಸಾರಿದ್ದನ್ನೂ ಸತ್ತವರಿಗೂ ಸುವಾರ್ತೆ ಸಾರಲ್ಪಟ್ಟದ್ದನ್ನೂ ಹೇಳುವ ಪೇತ್ರನ ಮೊದಲನೆಯ ಪತ್ರಿಕೆಯ 3 ಮತ್ತು 4ನೆಯ ಅಧ್ಯಾಯಗಳು ಕಠಿನವಾದವು, ಅವುಗಳ ಅರ್ಥದ ಬಗ್ಗೆ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಆದರೂ ಶುಭಶುಕ್ರವಾರಕ್ಕೂ ಈಸ್ಟರಿಗೂ ನಡುವಿನ ಶನಿವಾರವನ್ನು ನಮ್ಮ ಅನೇಕ ಸಭೆಗಳು ಗುಡಿಸಿ ಅಲಂಕರಿಸುವುದರಲ್ಲೇ ಕಳೆಯುತ್ತವೆ. ಆ ಸಂಜೆ ಈ ಎರಡು ಅಧ್ಯಾಯಗಳನ್ನು ಓದಿ, ಅಜ್ಜ ಅಜ್ಜಿಯರ ಹೆಸರುಗಳನ್ನು ಪ್ರಾರ್ಥನೆಯಲ್ಲಿ ಎತ್ತಲು ಬಯಸುವ ಕುಟುಂಬಗಳಿಗೆ ಅವಕಾಶ ಕೊಡಬಹುದೇ ಎಂಬುದನ್ನು ಸಭಾಪಾಲಕರು ತಮ್ಮ ಮುಂದಿನ ಸಮಾಲೋಚನೆಯಲ್ಲಿ ಚರ್ಚಿಸಲಿ.